ಬೆಳ್ಳಿ ಬಣ್ಣ ಬಳಿದ ರಿವಾಲ್ವರ್

ಟ್ರಂಕಿನ ಮುಚ್ಚಳ ಎತ್ತಿದ್ದೇ ತಡ, ಕಮಟು ತೆಂಗಿನೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ಮುಖಕ್ಕೆ ಹಚ್ಚುವ ಸಫೇತಿನ ವಾಸನೆ, ಮೀಸೆ ಅಂಟಿಸುವ ಗೋಂದಿನ ವಾಸನೆ, ಎಷ್ಟೋ ಮಕ್ಕಳ ಬೆವರು ಕುಡಿದ ಮಖಮಲ್ಲಿನ ವಾಸನೆ... ನನಗೆ ಐವತ್ತು ದಾಟಿದೆ. ಆದರೂ ಆ ಕ್ಷಣ ಕಣ್ಣು ತಾನಾಗಿ ಮುಚ್ಚಿಕೊಂಡಿತು, ಗಲ್ಲ ತಾನಾಗಿ ಮೇಲಕ್ಕೆದ್ದಿತು. ಬಣ್ಣ ಹಚ್ಚಿಸಿಕೊಳ್ಳಲು ಕೂತ ಹುಡುಗರು ಹಾಗೆ ಮಾಡಬೇಕಿತ್ತು. ಎದುರಿಗಿದ್ದ ಅಕ್ಕ ನಕ್ಕುಬಿಟ್ಟರು. "ಕಣ್ಣು ಬಿಡು ಮಾರಾಯ, ಹಚ್ಚಲಿಕ್ಕೆ ಅಪ್ಪ ಎಲ್ಲಿದ್ದಾರೆ?" ಎಂದರು.

ಅಕ್ಕ ಎಂದರೆ ನಮ್ಮ ಬಣ್ಣದ ಮಾಮನ ಮಗಳು. ಮಾಮ ತೀರಿಹೋಗಿ ಕೆಲವು ವರ್ಷಗಳಾದವು. ಬಂಟ್ವಾಳದ ಆ ಮನೆಯ ಅಟ್ಟ ಖಾಲಿ ಮಾಡುವ ಕೆಲಸ ಈಗ ಬಂದಿತ್ತು. ನಾಟಕದ ಹುಚ್ಚಿನವನಲ್ಲವೇ, ಬೇಕಾದ್ದು ತೆಗೆದುಕೊಂಡು ಹೋಗು ಎಂದು ಅಕ್ಕ ಫೋನ್ ಮಾಡಿದ್ದರಿಂದ ಮೂಡುಬಿದಿರೆಯಿಂದ ಒಂದು ಭಾನುವಾರ ಹೋಗಿದ್ದೆ. ಒಂದು ಕಿರೀಟವನ್ನೋ ಗದೆಯನ್ನೋ ತಂದು ಮನೆಯ ಗೋಡೆಗೆ ತೂಗುಹಾಕುವ ಆಸೆಯಿತ್ತು. ಅಷ್ಟೇ.

ನಾವು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಯಾವ ಶಾಲೆಯಲ್ಲಿ ವಾರ್ಷಿಕೋತ್ಸವವಾದರೂ ಬಣ್ಣದ ಮಾಮ ಬರಲೇಬೇಕು. ಡಿಸೆಂಬರ್ ಬಂತೆಂದರೆ ಅವರ ಟ್ರಂಕು ಬಸ್ಸಿನ ತಲೆಯ ಮೇಲೆಯೇ ವಾಸ. ಕೃಷ್ಣ, ಕಂಸ, ಪೋಸ್ಟ್‌ಮ್ಯಾನ್, ಡಾಕ್ಟರು, ಭಾರತಮಾತೆ ಎಲ್ಲರೂ ಒಂದೇ ಟ್ರಂಕಿನಿಂದ ಹುಟ್ಟಿ ಬರುತ್ತಿದ್ದರು. ಮೊದಲು ಅಂಗೈಯಲ್ಲಿ ತೆಂಗಿನೆಣ್ಣೆ ಸುರಿದುಕೊಂಡು ನಮ್ಮ ಮುಖಕ್ಕೆ ತಿಕ್ಕುವರು. ಆಮೇಲೆ ಸಫೇತು, ಹುಬ್ಬು, ಮೀಸೆ. ಎಡಗೈಯ ಹೆಬ್ಬೆರಳು ನಮ್ಮ ಗಲ್ಲದ ಕೆಳಗಿದ್ದರೆ ಅಲುಗಾಡುವ ಧೈರ್ಯ ಯಾರಿಗೂ ಇರಲಿಲ್ಲ. "ನಗಬೇಡ ಮಗಾ, ಮುಖ ಒಡೀತದೆ" ಎನ್ನುವರು. ಹಾಗೆಂದ ಮೇಲೆ ನಗು ಬಾರದೆ ಇರುತ್ತದೆಯೇ? ನಮ್ಮ ಮುಖ ಒಡೆಯುತ್ತಿತ್ತು, ಅವರು ಬೈಯುತ್ತ ಮತ್ತೆ ಹಚ್ಚುತ್ತಿದ್ದರು.

ಅವರಿಗೆ ಎರಡು ಗೀಳುಗಳಿದ್ದವು. ಒಂದು, ಸೀಸನ್ ಶುರುವಾಗುವ ಮೊದಲು ಎಲ್ಲ ಸಾಮಾನಿಗೂ ಬೆಳ್ಳಿ ಬಣ್ಣದ ಪೇಂಟ್ ಬಳಿಯುವುದು. ಗದೆ, ಖಡ್ಗ, ಕಿರೀಟ ಯಾವುದನ್ನೂ ಬಿಡುತ್ತಿರಲಿಲ್ಲ. ಸ್ವಲ್ಪ ಹೊತ್ತು ಅಲುಗದೆ ನಿಂತರೆ ಹೆಡ್‌ಮಾಸ್ಟರರಿಗೂ ಬಳಿದಾರು ಎಂದು ನಾವು ತಮಾಷೆ ಮಾಡುತ್ತಿದ್ದೆವು. ಇನ್ನೊಂದು, ತೆಂಗಿನೆಣ್ಣೆ. ನಮ್ಮ ಮಳೆಗಾಲದಲ್ಲಿ ಕಬ್ಬಿಣ ಒಂದು ವಾರ ಸುಮ್ಮನಿದ್ದರೆ ತುಕ್ಕು. ಅದಕ್ಕೆ ಅವರು ಜಡಿಮಳೆಯ ಆಟಿ ತಿಂಗಳಿಡೀ ಚಾವಡಿಯಲ್ಲಿ ಕೂತು ಸಾಮಾನಿನ ಸಂದುಗೊಂದಿಗೆಲ್ಲ ಹಕ್ಕಿಯ ಪುಕ್ಕದಿಂದ ಎಣ್ಣೆ ಬಿಡುತ್ತಿದ್ದರಂತೆ. ಅವರು ಮುಟ್ಟಿದ್ದಕ್ಕೆಲ್ಲ ಅದೇ ವಾಸನೆ.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ನಮ್ಮದೊಂದು ಪತ್ತೇದಾರಿ ನಾಟಕ. ನಾನು ಇನ್‌ಸ್ಪೆಕ್ಟರ್. ನನ್ನ ಪಕ್ಕದ ಬೆಂಚಿನ ಗೆಳೆಯ ಚಿನ್ನದ ಕಳ್ಳಸಾಗಣೆಗಾರ. ಕೊನೆಯ ದೃಶ್ಯದಲ್ಲಿ ನಾನು ಅವನಿಗೆ ಗುಂಡು ಹೊಡೆಯಬೇಕು. ಆ ವರ್ಷ ಮಾಮ ಹೊಸ ಸಾಮಾನೊಂದು ತಂದಿದ್ದರು, ಅಂಗೈಗಿಂತ ಸ್ವಲ್ಪ ದೊಡ್ಡದಾದ, ಮೋಟು ಮೂತಿಯ ಒಂದು ರಿವಾಲ್ವರ್. ಮೂಡುಬಿದಿರೆಯಲ್ಲಿ ಟೆಂಟು ಹಾಕಿ ಕೊನೆಗೆ ದಿವಾಳಿಯೆದ್ದ ಯಾವುದೋ ನಾಟಕ ಕಂಪನಿಯ ಸಾಮಾನುಗಳ ಜೊತೆ ಅದೂ ಬಂದಿತ್ತು. ಎಲ್ಲದಕ್ಕೂ ಬಳಿದ ಹಾಗೆ ಅದಕ್ಕೂ ಬೆಳ್ಳಿ ಬಣ್ಣ ಬಳಿದಿದ್ದರು. ನಮ್ಮ ವಾರ್ಷಿಕೋತ್ಸವವೇ ಆ ಸೀಸನ್ನಿನ ಮೊದಲನೆಯದು. ಅದನ್ನು ನನ್ನ ಸೊಂಟದ ಪಟ್ಟಿಗೆ ಸಿಕ್ಕಿಸುವಾಗ ಮಾಮನ ಮುಖದಲ್ಲಿ ಎಂಥ ಹೆಮ್ಮೆ! "ಕಂಪನಿ ಮಾಲು ಮಗಾ, ಭಾರ ನೋಡು" ಎಂದಿದ್ದರು.

ಗುಂಡಿನ ಸದ್ದಿಗೆ ಪರದೆಯ ಹಿಂದೆ ಡ್ರಿಲ್ ಮಾಸ್ಟರು ಪಟಾಕಿ ಹಿಡಿದು ನಿಂತಿದ್ದರು. ನಾನು ಗೆಳೆಯನ ಎದೆಗೆ ಗುರಿಯಿಟ್ಟು ಟ್ರಿಗರ್ ಒತ್ತಿದೆ. ಪಟಾಕಿ ಹೊಡೆಯಲಿಲ್ಲ, ಅದರ ಬತ್ತಿ ಥಂಡಿಯಾಗಿತ್ತು. ಮತ್ತೆ ಒತ್ತಿದೆ. ಇಲ್ಲ. ಎರಡೂ ಕೈಯಲ್ಲಿ ಹಿಡಿದು ಒತ್ತಿದೆ, ಒತ್ತುತ್ತಲೇ ಹೋದೆ. ಸಾಯಲು ಕಾದು ಕಾದು ಸುಸ್ತಾದ ಗೆಳೆಯ ತುಟಿ ಅಲುಗಿಸದೆ, "ಎಂತ ಮಾರಾಯ, ನಾನು ಸಾಯುದಾ ಬೇಡ್ವಾ?" ಎಂದ. ಕೊನೆಗೆ ಅವನೇ ಎದೆ ಹಿಡಿದುಕೊಂಡು ದೊಪ್ಪನೆ ಬಿದ್ದ. ಅವನು ಬಿದ್ದು, ನಾನು ಟೋಪಿ ತೆಗೆದು ನಿಂತ ಮೇಲೆ ಢಂ ಎಂದಿತು ಪಟಾಕಿ. ಸತ್ತವನು ಬೆಚ್ಚಿ ಎದ್ದು ಕೂತ. ಮೈದಾನವಿಡೀ ಬಿದ್ದು ಬಿದ್ದು ನಕ್ಕಿತು. ನಾಟಕ ಮುಗಿದ ಮೇಲೆ ನಾನು ಸಿಟ್ಟಿನಿಂದ, "ಮಾಮ, ನಿಮ್ಮ ಕಂಪನಿ ಮಾಲಿನ ಟ್ರಿಗರ್ ಗಟ್ಟಿ ಉಂಟು, ಸ್ವಲ್ಪ ಸರಿ ಮಾಡಿ" ಎಂದು ಅದನ್ನು ಅವರ ಕೈಗೆ ಕೊಟ್ಟಿದ್ದೆ.

ಈ ಕಥೆಯನ್ನು ನಾನು ಎಷ್ಟು ಕಡೆ ಹೇಳಿದ್ದೇನೋ ಲೆಕ್ಕವಿಲ್ಲ. ಬಣ್ಣ ಕಟ್ಟಿ ಹೇಳುತ್ತಿದ್ದೆ. ಅದೇ ಗೆಳೆಯನ ಮದುವೆಯ ಊಟದ ಪಂಕ್ತಿಯಲ್ಲಿಯೂ ಮದುಮಗಳಿಗೆ ಕೇಳುವ ಹಾಗೆ ಹೇಳಿದೆ. ಎದುರಿನ ಸಾಲಿನಲ್ಲಿ ಬಣ್ಣದ ಮಾಮ ಕೂತಿದ್ದರು. ಕಥೆ ಅರ್ಧಕ್ಕೆ ಬಂದಾಗ ಅವರು ಎಲೆಯಲ್ಲಿ ಹೋಳಿಗೆಯನ್ನು ಹಾಗೆಯೇ ಬಿಟ್ಟು ಎದ್ದು ಹೋದರು. ಅವರ ಸಾಮಾನನ್ನು ಗೇಲಿ ಮಾಡಿದೆನೆಂದು ಮುನಿಸಿಕೊಂಡರೇನೋ ಅಂದುಕೊಂಡೆ. ನಮ್ಮ ನಾಟಕ ಮುಗಿದಂದಿನಿಂದ ಅವರು ಯಾವ ಶಾಲೆಗೂ ಆ ರಿವಾಲ್ವರ್ ತರುತ್ತಿರಲಿಲ್ಲ, ಮರದ ಪಿಸ್ತೂಲು ಕೊಡುತ್ತಿದ್ದರು. ಕೇಳಿದರೆ "ಅದು ಹಾಳಾಯ್ತು" ಎನ್ನುತ್ತಿದ್ದರು. ನಾನೂ ನಂಬಿದ್ದೆ.

ಆ ಹಾಳಾದ ರಿವಾಲ್ವರ್ ಈಗ ಟ್ರಂಕಿನ ತಳದಲ್ಲಿ, ಕೆಂಪು ಪಟ್ಟೆಯ ತುಂಡಿನಲ್ಲಿ ಸುತ್ತಿ ಸುತ್ತಿ ಕಟ್ಟಿದ ಗಂಟಿನೊಳಗೆ ಸಿಕ್ಕಿತು. ಬೆಳ್ಳಿ ಪೇಂಟು ಹಪ್ಪಳದ ಹಾಗೆ ಎದ್ದಿತ್ತು. ಎದ್ದಲ್ಲಿ ಕಪ್ಪು ನೀಲಿ ಲೋಹ, ಅದರ ಮೇಲೆ ಇಂಗ್ಲಿಷಿನ ಸಣ್ಣ ಅಕ್ಷರಗಳು. ಅಕ್ಕ ಹತ್ತಿರ ಬಂದು ನೋಡಿದರು.

"ಇದನ್ನು ಅಪ್ಪ ನಮಗೆ ಮುಟ್ಟಲಿಕ್ಕೂ ಬಿಡ್ತಿರಲಿಲ್ಲ. ಬೆಲೆ ಬಾಳುವ ಸಾಮಾನು ಇರಬೇಕು. ಯಾರತ್ರಾದರೂ ಕೇಳಿ ನೋಡ್ತೀಯಾ?"

ಅಲ್ಲೇ ಫೋಟೋ ತೆಗೆದು ಗೆಳೆಯನಿಗೆ ಕಳಿಸಿದೆ. ಅವನು ಈಗ ಬೆಳ್ತಂಗಡಿ ಹತ್ತಿರ ಲಾಯಿಲದಲ್ಲಿ ಹೋಟೆಲು ಇಟ್ಟಿದ್ದಾನೆ. ಕೂಡಲೇ ಫೋನ್ ಬಂತು, ನಗು ತಡೆಯಲಾಗದೆ ಕೆಮ್ಮುತ್ತಿದ್ದ. "ನನ್ನನ್ನು ಕೊಂದದ್ದು ಇದುವೇ ಅಲ್ವಾ! ಇಂಥ ಮೋಟು ಮೂತಿಯ ಹಳೇದಕ್ಕೆ ಫಾರಿನ್ನಲ್ಲಿ ಹರಾಜು ಉಂಟಂತೆ ಮಾರಾಯ. ನೀನು ತೆಕ್ಕೊಂಡು ಬಾ, ನಮ್ಮ ಹೋಟೆಲಿಗೆ ಬರುವವರು ಒಬ್ಬರಿದ್ದಾರೆ, ಅವರಿಗೆ ತೋರಿಸುವ." ನಾನು ಅದನ್ನು ಬಟ್ಟೆಯ ಚೀಲಕ್ಕೆ ಹಾಕಿ, ಮೇಲೊಂದು ಅನಾನಸು ಇಟ್ಟು, ಬೆಳ್ತಂಗಡಿಯ ಬಸ್ಸು ಹತ್ತಿದೆ. ಸೀಟಿನಲ್ಲಿ ಪಕ್ಕಕ್ಕೆ ಒಬ್ಬ ಹೆಂಗಸು ಮಗು ಎತ್ತಿಕೊಂಡು ಕೂತಿದ್ದರು. ಮಗು ದಾರಿಯುದ್ದಕ್ಕೂ ನನ್ನ ಚೀಲಕ್ಕೆ ಒದೆಯುತ್ತಿತ್ತು.

ಗೆಳೆಯ ಹೇಳಿದವರು ಪೊಲೀಸ್ ಇಲಾಖೆಯಲ್ಲಿ ಕೋವಿಗಳನ್ನು ರಿಪೇರಿ ಮಾಡುವ ವಿಭಾಗದಲ್ಲಿದ್ದು ನಿವೃತ್ತರಾದವರು. ಅವರ ಮನೆಯ ಜಗಲಿಯಲ್ಲಿ ನಾವಿಬ್ಬರೂ ಕೂತೆವು. ಗಂಟು ಬಿಚ್ಚಿದಾಗ ಅವರು ಮಾಡಿದ ಮೊದಲ ಕೆಲಸ, ಗೆಳೆಯನ ಕಡೆಗಿದ್ದ ಅದರ ಮೂತಿಯನ್ನು ಗೋಡೆಯ ಕಡೆಗೆ ತಿರುಗಿಸಿದ್ದು. ನಗುತ್ತಿದ್ದ ಗೆಳೆಯನ ನಗು ಅಲ್ಲೇ ಸ್ವಲ್ಪ ಕಮ್ಮಿಯಾಯಿತು.

"ಇದು ನಾಟಕದ್ದು ಅಂತ ಯಾರು ಹೇಳಿದ್ದು ನಿಮಗೆ?" ಎಂದರು.

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲ ಒರೆಸತೊಡಗಿದರು. ನಳಿಗೆಯ ಮೇಲಿನ ಅಕ್ಷರಗಳನ್ನು ಕನ್ನಡಕ ಹಣೆಗೇರಿಸಿ ಓದಿದರು. ಅಮೆರಿಕದ ಹಳೆಯ ಕಂಪನಿಯೊಂದರ ಹೆಸರು. ನಳಿಗೆ ಎರಡೇ ಇಂಚು, ಕೋಟಿನ ಒಳಗೆ ಅಡಗಿಸಿ ಇಟ್ಟುಕೊಳ್ಳಲಿಕ್ಕೆಂದೇ ಹಾಗೆ ಮಾಡುವುದಂತೆ. ಹಿಡಿಯ ಮರ ಮೂಲದ್ದೇ, ಅದರ ಮೇಲೆ ಕೆತ್ತಿದ ಚೌಕುಳಿ ಇನ್ನೂ ಮಾಸಿಲ್ಲ. ಕೆಳಗಿನ ನಂಬರು ಯಾರೂ ಉಜ್ಜಿ ಅಳಿಸಿಲ್ಲ. ಆ ನಂಬರಿನಿಂದ ಯಾವ ಕಾಲದ್ದೆಂದು ಹೇಳಬಹುದು, ನಾವು ಮೂವರೂ ಹುಟ್ಟುವ ಮೊದಲಿನದು ಎಂದರು. ಬೆಲೆ ಎಷ್ಟಾದೀತು ಎಂದು ನಾನು ಕೇಳಿದೆ. ಅವರು ನನ್ನ ಮುಖ ನೋಡಿದರು.

"ಈ ಪೇಂಟ್ ಬಳಿಯದೆ, ಮೂಲದ ಬಣ್ಣದಲ್ಲಿಯೇ ಇದ್ದು, ಕಾಗದಪತ್ರ ಸರಿ ಇದ್ದಿದ್ದರೆ ಲೈಸೆನ್ಸ್ ಇದ್ದವರು ಲಕ್ಷಗಟ್ಟಲೆ ಕೊಡ್ತಿದ್ದರು. ಹೊರದೇಶದ್ದು ಈಗ ಬರುದಿಲ್ಲ ಅಲ್ವಾ. ಪೇಂಟ್ ಬಳಿದ ಮೇಲೆ ಸಂಗ್ರಹ ಮಾಡುವವರು ಮುಖ ತಿರುಗಿಸ್ತಾರೆ. ಇನ್ನು ಲೈಸೆನ್ಸೇ ಇಲ್ಲದ್ದಕ್ಕೆ ಬೆಲೆ ಅಂದರೆ ಜೈಲು."

ನಿಜವಾದದ್ದು. ಅಷ್ಟರಲ್ಲಿ ಅವರು, ಗುಂಡು ತುಂಬುವ ಮಧ್ಯದ ಉರುಟು ಭಾಗವನ್ನು ಬಿಡಿಸುವ ಗುಂಡಿಯ ಹತ್ತಿರ ಬೆರಳು ನಿಲ್ಲಿಸಿದರು. ಬೇರೆಲ್ಲ ಕಡೆ ಪೇಂಟು ತೆಳು, ಅಲ್ಲಿ ಮಾತ್ರ ಪದರ ಪದರವಾಗಿ ದಪ್ಪ. "ಇಲ್ಲಿ ಒಮ್ಮೆ ಚೂರಿಯಲ್ಲಿ ಕೆರೆಸಿ ತೆಗೆದದ್ದುಂಟು. ಆಮೇಲೆ ಯಾರೋ ಬೇಕೂಂತಲೇ ಮುಚ್ಚಿದ್ದು" ಎಂದರು. ಮತ್ತಷ್ಟು ಸೀಮೆಎಣ್ಣೆ ಬಿಟ್ಟರು. ಚಾ ಬಂತು, ತಣಿಯಿತು. ಕೊನೆಗೆ ಟಕ್ಕೆಂದು ಅದು ಪಕ್ಕಕ್ಕೆ ತೆರೆದುಕೊಂಡಿತು. ಆರು ಗೂಡು. ಐದು ಖಾಲಿ. ಆರನೆಯದರಲ್ಲಿ ಹಿತ್ತಾಳೆಯ ಒಂದು ಸಣ್ಣ ವೃತ್ತ, ಹಸಿರು ಕಿಲುಬು ಹಿಡಿದು ಕೂತಿತ್ತು.

ಅವರು ಅದನ್ನು ಮೆಲ್ಲ ಹೊರಗೆ ತೆಗೆದು ಅಂಗೈಯಲ್ಲಿಟ್ಟುಕೊಂಡು ನಮ್ಮ ಕಡೆ ಹಿಡಿದರು. ತುದಿಯಲ್ಲಿ ಸೀಸದ ಗುಂಡು ಹಾಗೆಯೇ ಇತ್ತು. ತಿರುಗಿಸಿದರು. ಹಿಂಬದಿಯ ನಡುವೆ, ಟ್ರಿಗರ್ ಒತ್ತಿದಾಗ ಸುತ್ತಿಗೆಯ ಮೂತಿ ಬಡಿಯುವ ಜಾಗದಲ್ಲಿ ಒಂದು ಕುಳಿ. ಆ ಕುಳಿಯ ಅಂಚಿಗೆ ತಾಗಿ ಇನ್ನೊಂದು.

"ಬಡಿದಿದೆ. ಹೊಡೆದಿಲ್ಲ, ಅಷ್ಟೇ" ಎಂದರು.

ಮೈದಾನದ ನಗು ಕಿವಿಯಲ್ಲಿ ಕೇಳತೊಡಗಿತು. ನಾನು ಒತ್ತಿದ್ದೆ, ಮತ್ತೆ ಒತ್ತಿದ್ದೆ, ಎರಡೂ ಕೈಯಲ್ಲಿ ಹಿಡಿದು ಒತ್ತುತ್ತಲೇ ಹೋಗಿದ್ದೆ... ಒಂದೊಂದು ಸಲ ಒತ್ತಿದಾಗಲೂ ಅದು ಒಂದೊಂದು ಗೂಡು ತಿರುಗುತ್ತದೆಯಂತೆ. ಪೂರ್ತಿ ಸುತ್ತು ತಿರುಗಿ ಮತ್ತೆ ಅಲ್ಲಿಗೇ ಬಂದಿದೆ. ನನ್ನ ಬೆರಳು ನನ್ನದಲ್ಲವೆಂಬಂತೆ ತೊಡೆಯ ಮೇಲೆ ಬಿದ್ದಿತ್ತು. ಆ ಕಂಪನಿಯವರೂ ಮೊದಲೇ ಒತ್ತಿರಬಹುದು ಎಂದು ಅವರು ಸಮಾಧಾನಕ್ಕೆ ಹೇಳಿದರು. ಅದನ್ನು ಹೇಳಿದವರೂ ನಂಬಲಿಲ್ಲ, ಕೇಳಿದ ನಾವೂ ನಂಬಲಿಲ್ಲ.

ಮತ್ತೇಕೆ ಹೊಡೆಯಲಿಲ್ಲ ಎಂದು ಗೆಳೆಯ ಕೇಳಿದ. ಅವನ ಸ್ವರ ಬೇರೆ ಯಾರದ್ದೋ ಎನ್ನುವಂತಿತ್ತು. ಅವರು ಆ ಗುಂಡನ್ನು ಮೂಗಿನ ಹತ್ತಿರ ಹಿಡಿದು, ಆಮೇಲೆ ನಮಗೂ ಹಿಡಿದರು. ಸೀಮೆಎಣ್ಣೆಯ ಅಡಿಯಿಂದ ಬಂದದ್ದು ಅದೇ ಕಮಟು ತೆಂಗಿನೆಣ್ಣೆ. "ಎಣ್ಣೆ ಒಳಗೆ ಇಳಿದಿರಬೇಕು. ಗುಂಡಿನ ತೋಟೆಗೆ ಎಣ್ಣೆ ತಾಗಬಾರದೂಂತ ನಮಗೆ ಟ್ರೈನಿಂಗಲ್ಲಿ ಬೈದು ಬೈದು ಹೇಳ್ತಿದ್ದರು. ಎಣ್ಣೆ ಕುಡಿದರೆ ಅದರ ಮದ್ದು ಸಾಯ್ತದೆ. ಇದಕ್ಕೆ ಯಾರೋ ಪುಣ್ಯಾತ್ಮರು ಮಳೆಗಾಲ ಪೂರ್ತಿ ಎಣ್ಣೆ ಕುಡಿಸಿದ್ದಾರೆ."

ಗೆಳೆಯ ಶರ್ಟಿನ ಮೇಲೆ ಎದೆಯ ಹತ್ತಿರ ಕೈಯಿಟ್ಟುಕೊಂಡಿದ್ದ. ನಾಟಕದಲ್ಲಿ ಬೀಳುವ ಮೊದಲು ಇಟ್ಟುಕೊಂಡದ್ದೂ ಅಲ್ಲೇ. "ಅದಕ್ಕಾ!" ಎಂದ. "ಅದಕ್ಕಾ ಆ ಮನುಷ್ಯ ಪ್ರತಿ ವರ್ಷ ಪೊಳಲಿಯ ಪ್ರಸಾದ ತರ್ತಿದ್ದದ್ದು!"

ಅದು ನನಗೆ ಗೊತ್ತಿರಲಿಲ್ಲ. ನಾವು ಶಾಲೆ ಬಿಟ್ಟ ವರ್ಷದಿಂದ ಹಿಡಿದು ತಾವು ಸಾಯುವ ತನಕ, ಬಣ್ಣದ ಮಾಮ ವರ್ಷಕ್ಕೊಮ್ಮೆ ಪೊಳಲಿಯ ದೇವಸ್ಥಾನಕ್ಕೆ ಹೋಗಿ ಗೆಳೆಯನ ಹೆಸರಿನಲ್ಲಿ ಪೂಜೆ ಮಾಡಿಸಿ, ಬಸ್ಸು ಹಿಡಿದು ಅವನಿದ್ದಲ್ಲಿಗೆ ಪ್ರಸಾದ ತಂದುಕೊಡುತ್ತಿದ್ದರಂತೆ. ಅವನು ಗಲ್ಫಿನಲ್ಲಿದ್ದಾಗ ಅವನ ಅಮ್ಮನ ಕೈಗೆ ಕೊಡುತ್ತಿದ್ದರಂತೆ. ಕಾರಣ ಕೇಳಿದರೆ, "ನೀನು ಚಂದ ಸಾಯ್ತಿದ್ದಿ ಮಗಾ, ಅದಕ್ಕೆ" ಎಂದು ನಗಿಸಿ ಹೋಗುತ್ತಿದ್ದರಂತೆ. ಮಕ್ಕಳಿಗೆ ಬಣ್ಣ ಹಚ್ಚುವವರ ಅಕ್ಕರೆ ಎಂದು ಮನೆಯವರೆಲ್ಲ ಅಂದುಕೊಂಡಿದ್ದರು.

ಕೋವಿ ರಿಪೇರಿಯವರು ಅಲ್ಲಿಂದಲೇ ಠಾಣೆಗೆ ಫೋನ್ ಮಾಡಿದರು. ಪೊಲೀಸರು ಬಂದರು, ನಾವು ಹೇಳಿದ್ದನ್ನು ಬರೆದುಕೊಂಡರು, ಅದನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿ ತೆಗೆದುಕೊಂಡು ಹೋದರು. ಮುಂದಿನದ್ದು ಅವರ ಕೆಲಸ. ಅಕ್ಕನಿಗೆ ಹೇಳುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ಫೋನಿನಲ್ಲಿ ಹೇಳಲು ಬಾಯಿ ಬಾರದೆ ಮತ್ತೆ ಬಂಟ್ವಾಳಕ್ಕೆ ಹೋದೆ. ಅಕ್ಕ ಕೇಳಿ ಗೋಡೆಗೆ ಒರಗಿ ಕೂತುಬಿಟ್ಟರು.

ಆಮೇಲೆ ಒಂದೊಂದಾಗಿ ನೆನಪು ಮಾಡಿಕೊಂಡರು. ನಮ್ಮ ವಾರ್ಷಿಕೋತ್ಸವದ ಮರುದಿನ ಬೆಳಿಗ್ಗೆ ಮಾಮ ಚಾವಡಿಯಲ್ಲಿ ಕೂತು ಚೂರಿಯಿಂದ ಅದರ ಪೇಂಟು ಕೆರೆಸುತ್ತಿದ್ದರಂತೆ. ನಾನೇ ಹೇಳಿದ್ದೆನಲ್ಲ, ಟ್ರಿಗರ್ ಗಟ್ಟಿ ಎಂದು... ಸ್ವಲ್ಪ ಹೊತ್ತಾದ ಮೇಲೆ ಕೆರೆಸುವ ಸದ್ದು ನಿಂತಿತು. ಅಕ್ಕ ಹೊರಗೆ ಬಂದು ನೋಡಿದರೆ ಮಾಮ ಬಾವಿಕಟ್ಟೆಯ ಹತ್ತಿರ, ಹಾಕಿದ ಅಂಗಿಯಲ್ಲಿಯೇ, ಕೊಡಗಟ್ಟಲೆ ನೀರು ಸೇದಿ ತಲೆಗೆ ಸುರಿದುಕೊಳ್ಳುತ್ತಿದ್ದರು. ಕಣ್ಣಿಗೆ ಪೇಂಟು ಹೋಯಿತೇನೋ ಎಂದು ಅಕ್ಕ ಭಾವಿಸಿದ್ದರು. ಆ ದಿನ ಅವರು ಊಟ ಮಾಡಲಿಲ್ಲ. ನಂತರ ಯಾವಾಗಲೋ, ಬೇಡದ್ದಾದರೆ ನೇತ್ರಾವತಿಗೆ ಬಿಸಾಡಿ ಎಂದು ಅಕ್ಕ ಹೇಳಿದ್ದಕ್ಕೆ, "ಹೊಳೆಗೆ ಹಾಕಿದರೆ ತಳದ ಹೊಯಿಗೆ ತೆಗೆಯುವವರ ಕೈಗೆ ಸಿಕ್ತದೆ. ಅವರ ಮಕ್ಕಳು ಆಡ್ತಾರೆ" ಎಂದಿದ್ದರಂತೆ.

ನನಗೆ ಸಿಟ್ಟು ಬಂದದ್ದು ಸುಳ್ಳಲ್ಲ. ಗೊತ್ತಿದ್ದೂ ಇಷ್ಟು ವರ್ಷ ಹೇಳಲಿಲ್ಲವಲ್ಲ! ಮದುವೆ ಮನೆಗಳಲ್ಲಿ ನಾನು ಕೋಡಂಗಿಯ ಹಾಗೆ ಆ ಕಥೆ ಕುಣಿದು ಹೇಳುವಾಗ ನನ್ನ ಬಾಯಿ ಮುಚ್ಚಿಸಬಹುದಿತ್ತಲ್ಲ! ರಾತ್ರಿಯೆಲ್ಲ ಅವರನ್ನು ಮನಸ್ಸಿನಲ್ಲೇ ಬೈದೆ. ಬೈದು ಬೈದು ಸುಸ್ತಾದ ಮೇಲೆ, ಹೇಳಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದೆ. ಹತ್ತನೆಯ ತರಗತಿಯ ಹುಡುಗನೊಬ್ಬ, ತಾನು ಗೆಳೆಯನ ಎದೆಗೆ ನಿಜವಾದ ಗುಂಡು ಹಾರಿಸಹೋದವನೆಂದು ತಿಳಿದುಕೊಂಡು ಬದುಕಬೇಕಿತ್ತು. ಐವತ್ತು ದಾಟಿದ ನನಗೇ ಈಗ ಅನ್ನ ಸೇರುತ್ತಿಲ್ಲ. ಆ ಹುಡುಗನ ಪಾಲಿನದ್ದನ್ನೂ ಮಾಮ ತಾವೇ ಹೊತ್ತುಕೊಂಡರು. ಹೋಳಿಗೆ ಬಿಟ್ಟು ಎದ್ದು ಹೋದರು, ನನ್ನ ಕಥೆಗೆ ಅಡ್ಡ ಬರಲಿಲ್ಲ. ಅದು ಹೊಳೆದಾಗ ನಾನು ಅತ್ತೆ.

ಈಗ ಆ ಟ್ರಂಕು ನಮ್ಮ ಮನೆಯಲ್ಲಿದೆ. ಕಿರೀಟವನ್ನು ಗೋಡೆಗೆ ತೂಗುಹಾಕುವ ಮನಸ್ಸಾಗಲಿಲ್ಲ. ಕಥೆ ಹೇಳುವುದನ್ನು ಬಿಟ್ಟಿದ್ದೇನೆ. ಮೊನ್ನೆ ಒಂದು ಸಮಾರಂಭದಲ್ಲಿ ಯಾರೋ "ಆ ಪಟಾಕಿಯ ಕಥೆ ಹೇಳಿ ಮಾರಾಯ್ರೆ" ಎಂದರು. ನಾನೂ ಗೆಳೆಯನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದು ಕೈತೊಳೆಯಲು ಹೋದೆವು.

ಕಳೆದ ವಾರ ಪೊಳಲಿಗೆ ನಾನೇ ಹೋಗಿದ್ದೆ. ಸೇವೆಯ ಕೌಂಟರಿನಲ್ಲಿ ಹೆಸರು ಕೇಳಿದರು, ಗೆಳೆಯನ ಹೆಸರು ಹೇಳಿದೆ. ನಕ್ಷತ್ರ ಕೇಳಿದರು. ಗೊತ್ತಿರಲಿಲ್ಲ. ಅವನಿಗೆ ಫೋನ್ ಮಾಡಿದೆ. "ನನಗೂ ಗೊತ್ತಿಲ್ಲ ಮಾರಾಯ. ಅಮ್ಮನಿಗೆ ಗೊತ್ತಿತ್ತು, ಅವರನ್ನು ಕೇಳಿ ಬಣ್ಣದ ಮಾಮ ತಿಳಕೊಂಡಿದ್ದರು" ಎಂದ. ಇಬ್ಬರೂ ಈಗ ಇಲ್ಲ. ಹೆಸರೊಂದೇ ಸಾಕು ಎಂದು ಕೌಂಟರಿನವರು ಚೀಟಿ ಬರೆದುಕೊಟ್ಟರು.

ಪ್ರಸಾದ ಹಿಡಿದುಕೊಂಡು ಬಸ್ಸಿನಲ್ಲಿ ಲಾಯಿಲಕ್ಕೆ ಹೋದೆ. ಗೆಳೆಯ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ. ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡ. ಬಾಳೆಲೆಯ ತುಂಡು ಬಿಚ್ಚಿ, ಗಂಧ ಹಚ್ಚಿಕೊಳ್ಳುವ ಮೊದಲು ಅದನ್ನು ಮೂಗಿನ ಹತ್ತಿರ ಹಿಡಿದ.

"ಮಾಮ ತಂದದ್ದಕ್ಕೆ ತೆಂಗಿನೆಣ್ಣೆಯ ವಾಸನೆ ಇರ್ತಿತ್ತು ಮಾರಾಯ," ಎಂದ. "ಇದಕ್ಕೆ ಇಲ್ಲ."